ಕಥೆಯ ಉಪಮೆ ಯಾರ ಕಣ್ಣಿನದು?

ಮುಂಬೈಯಲ್ಲಿದ್ದುಕೊಂಡು ಕನ್ನಡದಲ್ಲಿ ಕಥೆ ಬರೆಯುವ ನನ್ನನ್ನು ಹೊಸಬರು ಮತ್ತೆ ಮತ್ತೆ ಕೇಳುತ್ತಾರೆ: ‘ಉಪಮೆಗಳನ್ನು ಊರಿನಿಂದ ತರಬೇಕೋ, ಈ ನಗರದಿಂದಲೋ? ಇಲ್ಲಿಯ ಸಂಗತಿಗಳು ಧಾರವಾಡದ, ಶಿವಮೊಗ್ಗದ ಓದುಗರಿಗೆ ತಿಳಿಯುತ್ತವೆಯೇ?’

ಮೊದಲು ಪಾತ್ರವನ್ನು ಕೇಳಿ ಎನ್ನುತ್ತೇನೆ. ಅದು ಏನನ್ನು ಕಂಡು ಬೆಳೆಯಿತೋ ಅದರಿಂದಲೇ ಉಪಮೆ ಹುಟ್ಟಬೇಕು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹುಟ್ಟಿ, ಮನೆಯೊಳಗೆ ಮಾತ್ರ ಕನ್ನಡ ಆಡುವ ಹುಡುಗಿಗೆ ‘ತುಂಬಿದ ತೆನೆಯಂತೆ ತಲೆ ಬಾಗಿತು’ ಎಂದು ಏಕೆ ಅನ್ನಿಸಬೇಕು? ಅದು ಅವಳ ಅಜ್ಜಿಯ ಕಣ್ಣು. ಮೇ ರಜೆಗೆ ಊರಿಗೆ ಹೋಗುವ ಆ ಮಗು ಕಂಡಿರುವುದು ಒಣಗಿ ಬಿರುಕು ಬಿಟ್ಟ ಗದ್ದೆಯನ್ನು. ಆ ಬಿರುಕಿನಿಂದ ಒಂದು ಉಪಮೆ ಬಂದರೆ ನಾನು ನಂಬುತ್ತೇನೆ.

ಹಾಗೆಂದು ಪುರಾಣವನ್ನು, ಯಕ್ಷಗಾನವನ್ನು ಬಿಡಬೇಕಾಗಿಲ್ಲ. ದಾದರ್ ನಿಲ್ದಾಣದ ಜನಜಂಗುಳಿಯನ್ನು ಚಕ್ರವ್ಯೂಹ ಎಂದು ಎಷ್ಟೋ ಮಂದಿ ಬರೆಯುತ್ತಾರೆ. ಓದುವಾಗ ಕಣ್ಣು ಜಾರಿ ಮುಂದೆ ಹೋಗುತ್ತದೆ. ಆದರೆ ಕುಂದಾಪುರದ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವನೊಬ್ಬ ಚರ್ಚ್‌ಗೇಟ್‌ನಲ್ಲಿ ಸಂಜೆಯ ವಿರಾರ್ ಫಾಸ್ಟ್, ಅಂದರೆ ದೂರದ ವಿರಾರ್‌ಗೆ ಹೋಗುವ ವೇಗದ ಲೋಕಲ್ ರೈಲು, ಹತ್ತಿದ್ದಾನೆ ಎಂದುಕೊಳ್ಳಿ. ಅವನು ಇಳಿಯಬೇಕಾದದ್ದು ನಡುವೆ ಸಿಗುವ ಬೋರಿವಲಿಯಲ್ಲಿ. ಬಾಗಿಲು ತುಂಬ ವಿರಾರ್‌ನವರು, ಯಾರೂ ದಾರಿ ಬಿಡುವವರಿಲ್ಲ. ಒಳಹೊಗಲು ಬಲ್ಲ, ಹೊರಬರಲು ಅರಿಯದ ಅಭಿಮನ್ಯು ಅವನಿಗೆ ನೆನಪಾಗುವುದು ಆ ಗಳಿಗೆಯಲ್ಲಿ. ಬಾಲ್ಯದ ಬಯಲಾಟದ ಚಂಡೆಯೂ ಜೊತೆಗೇ ಕೇಳಿಸೀತು. ಅದೇ ಹಳೆಯ ಚಕ್ರವ್ಯೂಹ, ಆದರೆ ಇಲ್ಲಿ ಅದಕ್ಕೆ ಕೆಲಸವಿದೆ.

ಇನ್ನು ಓದುಗರಿಗೆ ತಿಳಿಯುವ ಮಾತು. ಇಲ್ಲಿಯವರಿಗೆ ‘ಜುಲೈ 26’ ಎಂದರೆ ಸಾಕು. 2005ರ ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಈ ಅಂಕಿಯನ್ನು ಕಥೆಗೆ ತುರುಕುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಮಳೆ ಜೋರಾದೊಡನೆ ತಾಯಿಯೊಬ್ಬಳು ಒಲೆ ಆರಿಸಿ, ಮಗನ ಶಾಲೆಗೆ ಫೋನು ಮಾಡಿ, ‘ಅವನನ್ನು ಅಲ್ಲೇ ಇರಿಸಿಕೊಳ್ಳಿ, ಹೊರಗೆ ಕಳುಹಿಸಬೇಡಿ’ ಎನ್ನಲಿ. ಮುಂಬೈಯವರಿಗೆ 2005 ನೆನಪಾಗುತ್ತದೆ, ಧಾರವಾಡದವರಿಗೆ ಭಯ ಮುಟ್ಟುತ್ತದೆ. ಇಬ್ಬರಿಗೂ ಕಥೆ ಸಿಕ್ಕಿತು.

ಮುಂಬೈಯ ಗುರುತಿಗೆಂದೇ ಹಾದುಹೋಗುವ ಡಬ್ಬಾವಾಲಾ, ವಡಾಪಾವ್‌ಗಳನ್ನು ಮಾತ್ರ ನಾನು ಕಥೆಯಿಂದ ಹೊಡೆದುಹಾಕುತ್ತೇನೆ.

ವಿವರಣೆ ಬೇಕೇಬೇಕಾದ ಕಡೆಯೂ ಇದೆ. 1982ರ ಜನವರಿಯಲ್ಲಿ ಶುರುವಾದ ಮುಂಬೈಯ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಹಿಂದಿರುಗುವ ಕರೆಗಾಗಿ ಕಾದರು. ಇದು ಗೊತ್ತಿಲ್ಲದವರಿಗೆ, ಪರಳ್‌ನ ಚಾಳಿನಲ್ಲಿ ಪ್ರತಿದಿನ ಬೆಳಿಗ್ಗೆ ಸಿದ್ಧನಾಗಿ ಕೂರುವ ಅಪ್ಪ ಬುದ್ಧಿ ಕೆಟ್ಟವನಂತೆ ಕಂಡಾನು. ಅಂಥಲ್ಲಿ ನಿರೂಪಕನೇ ಎರಡು ವಾಕ್ಯಗಳಲ್ಲಿ ನೇರವಾಗಿ ಹೇಳಿಬಿಡಲಿ. ಗಂಡ ಹೆಂಡಿರಿಬ್ಬರಿಗೂ ಗೊತ್ತಿರುವ ಮುಷ್ಕರವನ್ನು ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ವಿವರಿಸುವಂತೆ ಮಾಡಬೇಡಿ.