ತೇಜೋ ನದಿಯ ದಂಡೆಯಲ್ಲಿ ಕಾಳುಮೆಣಸಿನ ಜಾಡು

ಲಿಸ್ಬನ್‌ನಲ್ಲಿ ನಮಗಿದ್ದದ್ದು ಮೂರೇ ದಿನ. ಅವನ್ನು ತೇಜೋ ನದಿಯ ದಂಡೆಯಲ್ಲಿಯೇ ಕಳೆಯಬೇಕೆಂದು ಹೊರಡುವ ಮೊದಲೇ ನಾವಿಬ್ಬರೂ ನಿಶ್ಚಯಿಸಿದ್ದೆವು. ಹೊನ್ನಾವರದ ಸಮೀಪ, ಶರಾವತಿಯ ದಡದ ಅಡಿಕೆ ತೋಟದಲ್ಲಿ ಬೆಳೆದ ನನಗೆ, ಕಾಳುಮೆಣಸಿಗಾಗಿ ಕಡಲು ದಾಟಿ ಬಂದವರ ಊರನ್ನು ನೋಡುವ ಆಸೆ ಬಾಲ್ಯದಿಂದಲೂ ಇತ್ತು.

ಮೊದಲ ದಿನ ಪ್ರಾಸಾ ದು ಕೊಮೆರ್ಸಿಯು ಎಂಬ ವಿಶಾಲ ಚೌಕಕ್ಕೆ ಹೋದೆವು. ಮೂರು ಕಡೆ ಹಳದಿ ಕಟ್ಟಡಗಳು, ನಾಲ್ಕನೆಯ ಕಡೆ ನದಿ. 1755ರ ನವೆಂಬರ್ 1ರಂದು ಭೂಕಂಪವೂ ಅದರ ಬೆನ್ನಿಗೇ ಸುನಾಮಿಯೂ ಬರುವವರೆಗೆ ಇಲ್ಲಿ ಅರಮನೆಯಿತ್ತು. ಪೂರ್ವ ದೇಶಗಳ ವ್ಯಾಪಾರವನ್ನು ನಡೆಸುತ್ತಿದ್ದ ‘ಕಾಸಾ ದ ಇಂಡಿಯಾ’ ಕಚೇರಿಯೂ ಅಲ್ಲಿಯೇ ಇತ್ತು. ಅವೆಲ್ಲ ನೆಲಸಮವಾದರೂ ಜನ ಈಗಲೂ ಈ ಚೌಕವನ್ನು ‘ಅರಮನೆಯ ಅಂಗಳ’ ಎಂಬರ್ಥದ ಹಳೆಯ ಹೆಸರಿನಿಂದ ಕರೆಯುತ್ತಾರೆ.

ಮರುದಿನ 15ನೇ ಸಂಖ್ಯೆಯ ಟ್ರಾಮ್ ಹಿಡಿದು ಬೆಲೆಮ್‌ಗೆ ಹೋದೆವು. 1497ರ ಜುಲೈಯಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಹೊರಟದ್ದು ಇಲ್ಲಿಂದ. ದೊರೆ ಮ್ಯಾನುಯೆಲ್ ಕಟ್ಟಿಸಲಾರಂಭಿಸಿದ ಜೆರೋನಿಮೋಸ್ ಮಠ ಪೂರ್ಣಗೊಳ್ಳಲು ಸುಮಾರು ನೂರು ವರ್ಷ ಹಿಡಿಯಿತು. ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡಾ 5ರಷ್ಟು ತೆರಿಗೆಯ ಹಣ ಇದಕ್ಕೆ ಸಂದಿತು. ಸುಣ್ಣಕಲ್ಲಿನ ಕಂಬಗಳಲ್ಲಿ ಹಡಗಿನ ಹಗ್ಗ, ಗಂಟು, ಎಲೆ, ಬಳ್ಳಿಗಳನ್ನು ಕಡೆದಿರುವ ನಾಜೂಕನ್ನು ಕಂಡು ನನ್ನ ಪತಿ ಬಹಳ ಹೊತ್ತು ಕದಲಲಿಲ್ಲ. ನಾನಾದರೋ ಬಾಗಿಲ ಬಳಿಯಿರುವ ಗಾಮನ ಸಮಾಧಿಯ ಮುಂದೆ ನಿಂತುಬಿಟ್ಟೆ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನು ಇಲ್ಲಿ ಕೈಮುಗಿದು ಮಲಗಿದ ಕಲ್ಲಿನ ಮೂರ್ತಿಯಾಗಿದ್ದಾನೆ. ಪೋರ್ಚುಗೀಸರೇ ‘ಕಾಳುಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ, ಅವರನ್ನು ಎದುರಿಸಿ ಹೋರಾಡಿದ ಉಳ್ಳಾಲದ ಅಬ್ಬಕ್ಕನೂ ಆ ಕ್ಷಣ ನೆನಪಾದರು. ಮಠದ ಸೌಂದರ್ಯವನ್ನು ನಾನು ಮನಸಾರೆ ಮೆಚ್ಚಿದೆ. ಆದರೆ ಆ ಹಣ ಬಂದ ದಾರಿಯನ್ನು ಮರೆತು ಮೆಚ್ಚುವುದು ನನ್ನಿಂದಾಗಲಿಲ್ಲ.

ಬೆಲೆಮ್ ಗೋಪುರವನ್ನು ಹೊರಗಿನಿಂದಲೇ ನೋಡಿದೆವು. ಅದರ ಒಂದು ಕಾವಲುಗೂಡಿನ ಬುಡದಲ್ಲಿ ಘೇಂಡಾಮೃಗದ ತಲೆಯಿದೆ. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು 1515ರಲ್ಲಿ ಹಡಗೇರಿ ಈ ಊರಿಗೆ ಬಂದಿತ್ತು. ಗಾಳಿ ಮಳೆಗೆ ಸವೆದುಹೋದ ಆ ಮುಖವನ್ನು ನನ್ನ ಪತಿಯೇ ಹುಡುಕಿ ತೋರಿಸಿದರು. ಅಲ್ಲಿಂದ 52 ಮೀಟರ್ ಎತ್ತರದ ನಾವಿಕರ ಸ್ಮಾರಕಕ್ಕೆ ನಡೆದೆವು. ಅದರ ಮುಂದಿನ ನೆಲದಲ್ಲಿ ಅಮೃತಶಿಲೆಯ ಭೂಪಟವಿದೆ. ನಮ್ಮ ಪಶ್ಚಿಮ ಕರಾವಳಿಯನ್ನು ಹುಡುಕಿ ಇಬ್ಬರೂ ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತೆವು.

ಮೂರನೆಯ ಬೆಳಿಗ್ಗೆ ದೋಣಿಯಲ್ಲಿ ಆಚೆ ದಡದ ಕಸೀಲ್ಯಾಸ್‌ಗೆ ಹೋಗಿ ಬಂದು, ಚೌಕದೆದುರಿನ ಎರಡು ಕಂಬಗಳ ನಡುವೆ ನೀರಿಗಿಳಿಯುವ ಮೆಟ್ಟಿಲ ಮೇಲೆ ಕುಳಿತು ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಸಂಜೆ. ಬಿಸಿಲಿಗೆ ಹರವಿದ್ದ ಮೆಣಸನ್ನು ಬಾಚಿ ತುಂಬುತ್ತಿದ್ದೇನೆ, ಆಮೇಲೆ ಮಾತಾಡೋಣ ಎಂದು ಆಯಿ ಫೋನ್ ಇಟ್ಟಳು. ಇಳಿತದ ಹೊತ್ತಾದ್ದರಿಂದ ಪಾಚಿಗಟ್ಟಿದ ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ನೀರಿನಿಂದ ಮೇಲೇಳುತ್ತಿದ್ದವು.