ಬಾರಾ ಗಜ್ ತೋಪಿನಿಂದ ಬೀದರ್ ಕೋಟೆಯ ವಸ್ತುಸಂಗ್ರಹಾಲಯದವರೆಗೆ: ಮಕ್ಕಳು, ಹಿರಿಯರೊಂದಿಗೆ ಎರಡು ದಿನ

ಯುದ್ಧದ ಹಳೆಯ ಸಾಮಗ್ರಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಬಾಗಿಲಲ್ಲೇ "ಗದ್ದಲ ಮಾಡಬೇಡಿ" ಎಂದು ಎಚ್ಚರಿಸುತ್ತಾರೆ. ಈ ಸಲ ನಾನು ಹಾಗೆ ಹೇಳಲಿಲ್ಲ. ಕಳೆದ ಡಿಸೆಂಬರಿನಲ್ಲಿ ನನ್ನ ತಂದೆತಾಯಿ ಮತ್ತು ಇಬ್ಬರು ಮಕ್ಕಳೊಂದಿಗೆ ಕಲಬುರಗಿ ಮತ್ತು ಬೀದರ್ ಕೋಟೆಗಳನ್ನು ಎರಡು ದಿನ ಸುತ್ತಿದೆವು. ದಾರಿಯುದ್ದಕ್ಕೂ ನಗುತ್ತಲೇ ಇದ್ದೆವು, ಮತ್ತು ಆ ನಗೆಮಾತುಗಳ ಹಿಂದೆಯೇ ಒಳ್ಳೆಯ ಪ್ರಶ್ನೆಗಳು ಹೊರಬಂದವು. ಇದೇ ಪ್ರವಾಸವನ್ನು ಯೋಜಿಸುತ್ತಿರುವವರಿಗೆ ಉಪಯೋಗವಾಗಲೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲು ಕಾಲದ ವಿಷಯ. ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಕೋಟೆಯ ಬುರುಜು ಹತ್ತುವುದು ದೊಡ್ಡವರಿಗೇ ಕಷ್ಟ, ಹಿರಿಯರಿಗಂತೂ ಬೇಡವೇ ಬೇಡ. ವಾರದ ಯಾವ ದಿನ ಹೋಗುತ್ತೀರಿ ಎಂಬುದೂ ಮುಖ್ಯ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಕ್ಷೇತ್ರ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ ಇರುವುದರಿಂದ ಬೀದರಿನ ದಿನವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡಿ.

ಕಲಬುರಗಿ ಕೋಟೆಯಿಂದಲೇ ಆರಂಭಿಸಿ ಎಂದು ನಾನು ಒತ್ತಿ ಹೇಳುತ್ತೇನೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ರಾಜಧಾನಿ ಇದೇ ಆಗಿತ್ತು. ಬೀದರಿಗೆ ಅದು ಹೋದದ್ದು ಮುಂದೆ, ಅಹಮದ್ ಶಾಹನ ಕಾಲದಲ್ಲಿ. ಕೋಟೆಯೊಳಗಿನ 1367ರ ಜಾಮಿ ಮಸೀದಿ ನಡುವೆ ತೆರೆದ ಅಂಗಳವಿಲ್ಲದೆ ಪೂರ್ತಿ ಮಾಡು ಹೊದಿಸಿದ ಅಪರೂಪದ ಕಟ್ಟಡವಾದ್ದರಿಂದ ಅದನ್ನು ನೋಡದೆ ಬರಬೇಡಿ. ಆದರೆ ಈ ಪ್ರವಾಸಕ್ಕೆ ನಮ್ಮನ್ನು ಎಳೆದದ್ದು 29 ಅಡಿ ಉದ್ದದ ಬಾರಾ ಗಜ್ ತೋಪು. ಅಷ್ಟು ಉದ್ದದ ತೋಪನ್ನು ಚಿತ್ರದಲ್ಲಿ ನೋಡಿ ಅಂದಾಜು ಮಾಡುವುದು ಆಗದ ಮಾತು. ಅದರ ಪಕ್ಕದಲ್ಲಿ ನಡೆದೇ ತಿಳಿಯಬೇಕು. ಎಂಟು ವರ್ಷದ ನನ್ನ ಮಗ ಹಿಂಬದಿಯಿಂದ ಬಾಯಿಯವರೆಗೆ ಹೆಜ್ಜೆ ಎಣಿಸುತ್ತಾ ನಡೆದ. ಹದಿನೈದನೆಯ ಹೆಜ್ಜೆಗೆ ಬಾಯಿ ಬಂದಿತು. ಒಳಗೆ ಇಣುಕಿ ನೋಡಿ ಅವನು ತನ್ನ ಮುತ್ಯಾನನ್ನು, ಅಂದರೆ ನನ್ನ ಅಪ್ಪನನ್ನು, ಕೇಳಿದ:

"ಮುತ್ಯಾ, ಇದರ ಒಳಗ ಕಸ ಹೊಡಿಲಿಕ್ಕ ಯಾರ್ ಹೋಗ್ತಿದ್ರು?"

"ನಿನ್ನಂಗ ರೊಟ್ಟಿ ತಿನ್ನಲಾರದೆ ಸಣ್ಣಗ ಆದ ಹುಡುಗ್ರನ್ನ ಕಳಸ್ತಿದ್ರಪಾ" ಎಂದು ಅಪ್ಪ ಉತ್ತರಿಸಿದರು. ಎಲ್ಲರೂ ನಕ್ಕೆವು, ಮಗ ಎಲ್ಲರಿಗಿಂತ ಹೆಚ್ಚು ನಕ್ಕ. ಆದರೆ ಅವನ ಪ್ರಶ್ನೆ ತೋಪುಗಾರಿಕೆಯ ಮರ್ಮಕ್ಕೇ ತಾಗುವಂಥದ್ದು. ಬಾಯಿಯ ಕಡೆಯಿಂದ ಮದ್ದು ತುಂಬುವ ತೋಪುಗಳಲ್ಲಿ ಒಂದು ಸಲ ಹಾರಿಸಿದ ಮೇಲೆ ಒಳಗೆ ಕಿಡಿ ಉಳಿದಿದ್ದರೆ, ಮತ್ತೆ ಮದ್ದು ಹಾಕುವ ಹೊತ್ತಿಗೆ ಅದು ತುಂಬುವವನ ಮುಖಕ್ಕೇ ಸಿಡಿಯುತ್ತಿತ್ತು. ಆದ್ದರಿಂದ ಉದ್ದನೆಯ ಕೋಲಿನ ತುದಿಗೆ ಒದ್ದೆ ಬಟ್ಟೆಯಂಥದ್ದನ್ನು ಕಟ್ಟಿ ಒಳಗೆಲ್ಲ ಒರೆಸಿ ಕಿಡಿ ಆರಿಸಬೇಕಾಗಿತ್ತು. ಇದನ್ನು ಹೇಳಿದ ಮೇಲೆ ಮಗ ಮತ್ತೊಮ್ಮೆ ತೋಪಿನ ಉದ್ದವನ್ನು ನೋಡಿ, ಆ ಕೋಲು ಎಷ್ಟು ಉದ್ದ ಇದ್ದಿರಬೇಕೆಂದು ತಾನಾಗಿಯೇ ಲೆಕ್ಕ ಹಾಕತೊಡಗಿದ.

ಇಲ್ಲಿ ಒಂದು ಕೋರಿಕೆ. ಮಕ್ಕಳನ್ನು ತೋಪಿನ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ. ನೂರಾರು ವರ್ಷ ಮಳೆ ಬಿಸಿಲು ತಡೆದ ಲೋಹ ನಮ್ಮ ಬೂಟುಗಳಿಂದ ಸವೆಯಬಾರದು. ಪಕ್ಕದಲ್ಲಿ ನಿಂತರೂ ಫೋಟೊ ಚೆನ್ನಾಗಿಯೇ ಬರುತ್ತದೆ, ಅಳತೆಯೂ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ಬೀದರಿಗೆ ರೈಲಿನಲ್ಲಿ ಹೋದೆವು. 2017ರಲ್ಲಿ ಈ ಮಾರ್ಗ ಪೂರ್ತಿಯಾದ ಮೇಲೆ ಸುಮಾರು 110 ಕಿಲೋಮೀಟರ್ ದಾರಿ ಹಿರಿಯರಿಗೆ ಬಹಳ ಹಗುರಾಗಿದೆ. ಕಮಲಾಪುರ, ಹುಮನಾಬಾದ್ ದಾಟಿ ಬಸ್ಸಿನಲ್ಲಿಯೂ ಹೋಗಬಹುದು. ಆದರೆ ರೈಲಿಗೆ ಮರಗುತ್ತಿಯ ಬಳಿ ಸುರಂಗ ಇರುವುದರಿಂದ ಮಕ್ಕಳ ಮತ ರೈಲಿಗೇ ಬಿದ್ದಿತು. ಸುರಂಗದ ಕತ್ತಲಲ್ಲಿ ಅಪ್ಪ ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಮಹಮೂದ್ ಗವಾನನ ಕಥೆ ಶುರುಮಾಡಿದರು. 1472ರ ಸುಮಾರಿಗೆ ಬೆಳಗಾವಿ ಕೋಟೆಯನ್ನು ಮುತ್ತಿದಾಗ ಬಹಮನಿ ಸೇನೆ ಗೋಡೆಯ ಕೆಳಗೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿ ಬಿರುಕು ಮಾಡಿತೆಂದು ಹೇಳುತ್ತಿರುವಷ್ಟರಲ್ಲಿ ಮಗಳು, "ಮುತ್ಯಾ, ಸುರಂಗ ದಾಟೋತನಕ ಮದ್ದಿನ ಮಾತು ಬ್ಯಾಡ" ಎಂದು ಅವರ ಬಾಯಿ ಮುಚ್ಚಿದಳು. ಬೆಳಕು ಬಂದ ಮೇಲೆಯೇ ಕಥೆ ಮುಂದುವರಿಯಿತು.

ಬೀದರ್ ಕೋಟೆಗೆ ಹೋದವರು ನೇರವಾಗಿ ವಸ್ತುಸಂಗ್ರಹಾಲಯಕ್ಕೆ ನಡೆಯದಿರಿ ಎಂಬುದು ನನ್ನ ಮುಖ್ಯ ಸಲಹೆ. ಮೊದಲು ಕಂದಕ, ಆಮೇಲೆ ಬಾಗಿಲು, ಆಮೇಲೆ ಬುರುಜು, ಕೊನೆಗೆ ಸಂಗ್ರಹಾಲಯ. ಗಾಜಿನ ಹಿಂದೆ ಇಟ್ಟ ಕತ್ತಿ ಒಂದು ವಸ್ತುವಾಗಿ ಮಾತ್ರ ಕಾಣುತ್ತದೆ. ಕೋಟೆ ಹೇಗೆ ಕಾದಿತು ಎಂದು ಅರಿತು ಬಂದವರಿಗೆ ಅದೇ ಕತ್ತಿಯ ಹಿಂದೆ ಅದನ್ನು ಹಿಡಿದ ಕೈಯೂ ಕಾಣುತ್ತದೆ.

ಕಂದಕದ ಅಂಚಿನಲ್ಲಿ ನಾವು ಅರ್ಧ ಗಂಟೆ ಕಳೆದೆವು, ಅದು ವ್ಯರ್ಥವಾಗಲಿಲ್ಲ. ಬೀದರಿನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅಗೆಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಗುಣ ಈ ಕಲ್ಲಿಗಿದೆ. ಅದನ್ನು ಕಡಿದು ಒಂದರ ಪಕ್ಕ ಒಂದರಂತೆ ಮೂರು ಕಂದಕಗಳನ್ನು ತೋಡಿ, ನಡುನಡುವೆ ಬಂಡೆಯನ್ನೇ ಗೋಡೆಯಾಗಿ ಉಳಿಸಿದ್ದಾರೆ. ಹನ್ನೆರಡು ವರ್ಷದ ಮಗಳು ಅದನ್ನು ದಿಟ್ಟಿಸಿ ನೋಡಿ, "ಒಂದು ದಾಟಿ ಏದುಸಿರು ಬಿಡೋದ್ರಾಗ ಇನ್ನೆರಡು ಅದಾವಂದ್ರ ನಾ ಅಂತೂ ಮನಿಗೇ ಹೋಗ್ತಿದ್ದೆ" ಎಂದಳು. "ಕೋಟಿ ಕಟ್ಟಿದವ್ರು ಬೇಡಿಕೊಂಡಿದ್ದೂ ಅದನ್ನೇ ಅವ್ವಾ" ಎಂದರು ಅಪ್ಪ. ಕಂದಕ ಯಾಕೆ ಮೂರು ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ್ದನ್ನು ನಾನು ಕೇಳಿಲ್ಲ.

ಶರ್ಜಾ ದರ್ವಾಜಾದ ಮೇಲೆ ಎರಡು ಹುಲಿಗಳ ಉಬ್ಬುಶಿಲ್ಪವಿದೆ. 1503ರ ಶಾಸನವೂ ಅಲ್ಲಿಯೇ ಇದೆ. ಮುಂದೆ ಗುಂಬಜ್ ದರ್ವಾಜಾ. ಈ ಬಾಗಿಲುಗಳ ನಡುವಿನ ದಾರಿ ತಿರುವು ತೆಗೆದುಕೊಳ್ಳುವುದನ್ನು ಮಕ್ಕಳಿಗೆ ತೋರಿಸಿ. ದೂರದಿಂದ ಓಡಿಬಂದು ಆನೆಯಿಂದ ಬಾಗಿಲಿಗೆ ಗುದ್ದಿಸಲು ಆಗದಂತೆ ಮಾಡಿದ ಉಪಾಯವಿದು. ಗುಂಬಜಿನ ಕೆಳಗಿನ ತಂಪಿನಲ್ಲಿ ಹಿರಿಯರು ಹತ್ತು ನಿಮಿಷ ಕೂರಬಹುದು.

ಬುರುಜುಗಳು ದೂರದೂರ ಇವೆ, ಒಟ್ಟು 37. ಎಲ್ಲವನ್ನೂ ನೋಡುವ ಹಟ ಬೇಡ. ತೋಪು ಇರುವ ಒಂದು ಬುರುಜನ್ನು ಆರಿಸಿಕೊಂಡು ಅಲ್ಲಿ ಬಹಳ ಹೊತ್ತು ನಿಲ್ಲಿ. ಮೆಟ್ಟಿಲುಗಳು ಎತ್ತರವಾಗಿವೆ, ಅಂಚಿಗೆ ಎಲ್ಲ ಕಡೆ ತಡೆಗೋಡೆ ಇಲ್ಲ. ಆದ್ದರಿಂದ ಸಣ್ಣ ಮಕ್ಕಳ ಕೈ ಬಿಡಬೇಡಿ, ಜಾರದ ಚಪ್ಪಲಿ ಅಥವಾ ಬೂಟು ಹಾಕಿಕೊಳ್ಳಿ. ಅವ್ವ ಕೆಳಗೆ ಮರದ ನೆರಳಿನಲ್ಲಿ ಕುಳಿತರು, ನಾವು ಹತ್ತಿದೆವು. ಇಲ್ಲಿಯ ದೊಡ್ಡ ತೋಪಿನ ಮೈಯನ್ನು ಹತ್ತಿರದಿಂದ ನೋಡಬೇಕು. ಅದು ಒಂದೇ ಎರಕದ್ದಲ್ಲ. ಉದ್ದುದ್ದ ಲೋಹದ ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಮೇಲೆ ಬಳೆಗಳನ್ನು ತೊಡಿಸಿ ಬಿಗಿದಿದ್ದಾರೆ. ನಮ್ಮ ಬಂಡಿಯ ಗಾಲಿಗೆ ಕಮ್ಮಾರರು ಕಾಯಿಸಿದ ಕಬ್ಬಿಣದ ಪಟ್ಟಿ ಹಾಕಿ ತಣಿಸುವುದನ್ನು ಬಾಲ್ಯದಲ್ಲಿ ಕಂಡಿದ್ದ ಅಪ್ಪ ಒಂದೊಂದು ಬಳೆಯ ಸೇರಿಕೆಯನ್ನೂ ಬಗ್ಗಿ ನೋಡಿದರು. "ಕೈ ಇದ್ದವ್ರು ಮಾಡ್ಯಾರ" ಎಂದಷ್ಟೇ ಹೇಳಿದರು.

ಆಮೇಲೆ ತೋಪಿನ ಹಿಂದೆ ನಿಂತು ಅದು ನೋಡುತ್ತಿರುವ ಕಡೆಗೇ ನೋಡಿ. ನಮಗೆ ಕಂಡದ್ದು ಹಸಿರು ಹೊಲ, ಒಂದು ಹಾದಿ, ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಮನುಷ್ಯ. ಮಗ ಅವರಿಗೆ ಕೈಬೀಸಿದ. ಅವರು ಅದನ್ನು ನೋಡಲಿಲ್ಲ, ಹೋದರು.

ಇಲ್ಲಿ ಹೇಳಲೇಬೇಕಾದ ಕಥೆಯೊಂದಿದೆ. ಅದನ್ನು ಹೇಳುವಾಗ ನಾವು ನಗಲಿಲ್ಲ, ನೀವೂ ಆ ಹೊತ್ತಿಗೆ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. 1619ರಿಂದ ಬೀದರ್ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1657ರಲ್ಲಿ, ಇನ್ನೂ ಮೊಘಲ್ ರಾಜಕುಮಾರನಾಗಿದ್ದ ಔರಂಗಜೇಬ ಇದನ್ನು ಮುತ್ತಿದ. ಒಳಗಿದ್ದ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ, ಸಿದ್ದಿ ಮರ್ಜಾನ್ ಮುದುಕನಾದರೂ ಸುಮಾರು ನಾಲ್ಕು ವಾರ ಬಿಟ್ಟುಕೊಡಲಿಲ್ಲ. ಕೊನೆಗೆ ಹೊರಗಿನಿಂದ ಹಾರಿಬಂದ ಕಿಡಿ ಬುರುಜಿನ ಹತ್ತಿರ ಕೂಡಿಟ್ಟ ಮದ್ದಿಗೆ ತಗುಲಿತು. ಸಿದ್ದಿ ಮರ್ಜಾನ್ ಮತ್ತು ಅವನ ಮಕ್ಕಳು ಸುಟ್ಟುಕೊಂಡರು, ಆ ಗಾಯದಿಂದಲೇ ಅವನು ಸತ್ತ, ಕೋಟೆ ಹೋಯಿತು. ಮೂರು ಕಂದಕ ದಾಟಲಾರದ್ದನ್ನು ಒಂದು ಕಿಡಿ ದಾಟಿತ್ತು. ಮಗ ಬಹಳ ಹೊತ್ತು ಸುಮ್ಮನಿದ್ದು, "ಅಂವ ಯಾರ ಕಡಿಯಾಂವ?" ಎಂದು ಕೇಳಿದ. "ಕೋಟಿ ಕಾಯಾಂವ" ಎಂದರು ಅಪ್ಪ.

ಊಟಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೋಗಿದ್ದೆವು. ನೀರು ತಲೆಗೆ ಒಂದು ಲೀಟರಿಗೆ ಕಡಿಮೆ ಇರದಿರಲಿ, ಎಲೆ ಕಾಗದಗಳನ್ನು ತಿರುಗಿ ಚೀಲಕ್ಕೆ ಹಾಕಿಕೊಳ್ಳಿ.

ಮಧ್ಯಾಹ್ನದ ಮೇಲೆ ವಸ್ತುಸಂಗ್ರಹಾಲಯ. ಇದು ಅರಮನೆಯ ಹಳೆಯ ಹಮಾಮಿನಲ್ಲಿದೆ, ಅಂದರೆ ರಾಜಮನೆತನದವರ ಸ್ನಾನಗೃಹ. ಗೋಡೆ ದಪ್ಪವಾಗಿ ಒಳಗೆ ತಂಪಾಗಿರುವುದರಿಂದ ಬಿಸಿಲಿನ ಹೊತ್ತನ್ನು ಇದಕ್ಕೆ ಇಟ್ಟುಕೊಳ್ಳುವುದು ಲೇಸು. ಕತ್ತಿಗಳು, ಹಳೆಯ ಬಂದೂಕುಗಳು, ಗುಂಡುಗಳು, ಜೊತೆಗೆ ಸುತ್ತಲಿನ ಊರುಗಳ ಶಿಲ್ಪಗಳು ಇಲ್ಲಿವೆ. ಹಮಾಮು ಎಂದರೇನು ಎಂದು ಕೇಳಿ ತಿಳಿದ ಅವ್ವ, "ಜಳಕದ ಮನ್ಯಾಗ ಕತ್ತಿ ಇಟ್ಟಾರ ನೋಡು. ನಮ್ಮ ಮನ್ಯಾಗ ಹಳೇ ಸೈಕಲ್ ಇಟ್ಟಂಗಾತು" ಎಂದರು. ಪಕ್ಕದಲ್ಲಿ ನಿಂತಿದ್ದ ಕಾವಲಿನವರೂ ನಕ್ಕು, ಆಮೇಲೆ ನಮ್ಮ ಜೊತೆಯಲ್ಲೇ ಬಂದು ಒಂದೊಂದನ್ನೂ ತೋರಿಸಿದರು. ಹಾಗೆ ನಕ್ಕು ಮಾತಾಡಿಸಿದರೆ ಅಲ್ಲಿಯವರು ಫಲಕದಲ್ಲಿ ಇಲ್ಲದ್ದನ್ನೂ ಹೇಳುತ್ತಾರೆ.

ತೋಪಿನ ಕಲ್ಲಿನ ಗುಂಡುಗಳ ಮುಂದೆ ಅವ್ವ ಬಹಳ ಹೊತ್ತು ನಿಂತರು. ಐವತ್ತು ವರ್ಷ ರೊಟ್ಟಿ ಬಡಿದ ಕೈ ಅವರದು. "ಇಷ್ಟು ಸಮಾ ದುಂಡಗ ನನ್ನ ಕೈಲಿ ಹಿಟ್ಟಿನ ಉಂಡಿನೂ ಬರಲ್ಲ. ಉಳಿ ಹಿಡಿದು ಹ್ಯಾಂಗ ಮಾಡಿದ್ರೋ?" ಎಂದರು. ಕಲ್ಲಿನ ಗುಂಡಿನ ದುಂಡು ಚಂದಕ್ಕಾಗಿ ಮಾಡಿದ್ದಲ್ಲ. ಗುಂಡಿಗೂ ತೋಪಿನ ಒಳಗೋಡೆಗೂ ನಡುವೆ ಸಂದು ಹೆಚ್ಚಾದರೆ ಮದ್ದಿನ ಒತ್ತಡ ಅದರಲ್ಲೇ ನುಸುಳಿ ಹೋಗಿ ಗುಂಡು ಹತ್ತಿರದಲ್ಲೇ ಬೀಳುತ್ತದೆ, ತೀರ ಬಿಗಿಯಾದರೆ ತೋಪೇ ಒಡೆಯುತ್ತದೆ. ಒಬ್ಬ ಕಲ್ಲುಕುಟಿಗ ಒಂದು ಗುಂಡಿಗೆ ಎಷ್ಟು ದಿನ ಕೂತಿರಬೇಕೆಂದು ಅವ್ವ, ಮೊಮ್ಮಗಳು ಚರ್ಚಿಸುತ್ತಾ ಮುಂದಿನ ಕೋಣೆಗೆ ಹೋದರು. ಯುದ್ಧದ ಸಾಮಗ್ರಿಯಲ್ಲಿ ಅವ್ವ ಗುರುತಿಸಿದ್ದು ರಾಜನನ್ನಲ್ಲ, ಸೇನಾಪತಿಯನ್ನಲ್ಲ, ಉಳಿ ಹಿಡಿದವನನ್ನು. ಮದ್ದಿನ ಪಾಕವನ್ನೂ ಇಲ್ಲಿಯೇ ಮಕ್ಕಳಿಗೆ ಹೇಳಬಹುದು: ಪೆಟ್ಲುಪ್ಪು, ಗಂಧಕ, ಇದ್ದಿಲು. "ಇದ್ದಿಲು ಒಂದು ನಮ್ಮ ಮನ್ಯಾಗ ಅದ, ಉಳಿದದ್ದು ಕೇಳಬ್ಯಾಡ" ಎಂದು ಅವ್ವ ಮೊಮ್ಮಗನಿಗೆ ಮೊದಲೇ ಹೇಳಿಬಿಟ್ಟರು.

ಹೊರಗೆ ಬಂದು ರಂಗೀನ್ ಮಹಲನ್ನು ಕೇಳಿಕೊಂಡು ನೋಡಿ. ಬಾಗಿಲು ಹಾಕಿದ್ದರೆ ಸಂಗ್ರಹಾಲಯದ ಸಿಬ್ಬಂದಿಯನ್ನೇ ವಿಚಾರಿಸಬೇಕು. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಇನ್ನೂ ಹೊಳೆಯುತ್ತದೆ.

ಸಂಜೆ ಉಳಿದ ಒಂದು ಗಂಟೆಯನ್ನು ಊರೊಳಗಿನ ಮಹಮೂದ್ ಗವಾನನ ಮದ್ರಸಾಕ್ಕೆ ಕೊಡಿ. ಅದನ್ನು ಬಿಟ್ಟು ಬಂದರೆ ಈ ಪ್ರವಾಸ ಅರ್ಧವೇ. 1472ರಲ್ಲಿ ಕಟ್ಟಿದ ಈ ವಿದ್ಯಾಲಯದ ಮುಂಭಾಗದಲ್ಲಿ ಈಗ ಒಂದೇ ಮಿನಾರು ನಿಂತಿದೆ. 17ನೆಯ ಶತಮಾನದ ಕೊನೆಯಲ್ಲಿ ಆದ ಮದ್ದಿನ ಸ್ಫೋಟದಲ್ಲಿ ಇನ್ನೊಂದು ಮಿನಾರೂ ಮುಂದಿನ ಗೋಡೆಯ ಬಹುಭಾಗವೂ ಹೋದವು. ಬೆಳಗಾವಿಯ ಗೋಡೆಗೆ ಮದ್ದು ಇಡಿಸಿದವನು ಕಟ್ಟಿಸಿದ ಶಾಲೆಯೂ ಮದ್ದಿನಿಂದಲೇ ಒಡೆಯಿತೆಂಬುದನ್ನು ಮಗಳೇ ಜೋಡಿಸಿ ಹೇಳಿದಳು, ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಉಳಿದ ಮಿನಾರಿನ ನೀಲಿ ಹೆಂಚುಗಳ ಮೇಲೆ ಸಂಜೆಯ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳಿ. ರಾತ್ರಿ ಹಿಂತಿರುಗುವವರು ರೈಲು ಅಥವಾ ಬಸ್ಸಿನ ಸಮಯವನ್ನು ಬೆಳಿಗ್ಗೆ ಇಳಿದಾಗಲೇ ಕೇಳಿಟ್ಟುಕೊಂಡಿರಬೇಕು. ನಾವು ಬಸ್ಸಿನಲ್ಲಿ ಬಂದೆವು. ಹುಮನಾಬಾದ್ ಬರುವ ಮೊದಲೇ ಮಗ ಮುತ್ಯಾನ ತೊಡೆಯ ಮೇಲೆ ನಿದ್ದೆಹೋಗಿದ್ದ.