ಗೋಡೆ ಮುಗೀತು ಅಂತ ಸೊನ್ನೆ ಹಾಕಿದ್ದೆ

ಆ ಜುಲೈ ಬೆಳಿಗ್ಗೆ ಬಂದ ಫೋನು ನೆನಪಾದ್ರೆ ಈಗ್ಲೂ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಕೊಲರಾಡೋದಲ್ಲಿ ಸೌತ್ ಪ್ಲಾಟ್ ನದಿ ಪಕ್ಕದ ಜಲ್ಲಿ ಪಿಟ್‌ಗಳಿಗೆ ನೀರಿನ ಅಕೌಂಟಿಂಗ್ ಮಾಡೋದು ನನ್ನ ಕೆಲಸ. ನದಿ ದಂಡೇಲಿ ಜಲ್ಲಿ ಅಗೀತಾ ಹೋದ್ರೆ ಕೆಲವೇ ಅಡಿಗೆ ನೀರು ಸಿಗುತ್ತೆ, ಅದು ನದಿಗೆ ಸೇರಿದ ನೀರು, ಹಳ್ಳದಲ್ಲಿ ಬಿಸಿಲಿಗೆ ತೆರೆದುಕೊಂಡು ಆವಿಯಾಗಿ ಹೋದ್ರೂ ನಷ್ಟ ನದಿಗೇ. 1980ರ ಕೊನೆಯ ನಂತರ ತೆರೆದ ಪಿಟ್ ಆದ್ರೆ ಆ ನಷ್ಟಾನ ಬೇರೆ ಕಡೆಯಿಂದ ನೀರು ತಂದು ತುಂಬಿಕೊಡಲೇಬೇಕು, 1989ರಿಂದ ಇಲ್ಲಿ ಅದು ಕಾನೂನು. ಆವಿ ಒಂದೇ ಅಲ್ಲ, ಲಾರೀಲಿ ಒದ್ದೆ ಜಲ್ಲಿ ಜೊತೆ ಹೋಗೋ ನೀರಿಗೂ ಲೆಕ್ಕ ಇದೆ, ನೀರೊಳಗಿಂದ ತೆಗೆದ ಜಲ್ಲಿಗೆ ತೂಕದ 4% ಅಂತ ಹಿಡೀತೀವಿ, ಒಂದು ಲಕ್ಷ ಟನ್ ಆಚೆ ಹೋದ್ರೆ ಹತ್ತತ್ರ 3 ಎಕರೆ-ಫೀಟ್ ನೀರು (ಒಂದು ಎಕರೆ ಮೇಲೆ ಒಂದಡಿ ನಿಲ್ಲೋಷ್ಟು ನೀರು ಒಂದು ಎಕರೆ-ಫೀಟ್). ಧೂಳಿಗೆ ಹೊಡೆಯೋ ಟ್ಯಾಂಕರ್ ನೀರೂ ಸೇರಿಸಬೇಕು.

ನಮ್ಮ ಕ್ಲೈಂಟ್‌ದು 28 ಎಕರೆ ಪಿಟ್. ಜಲ್ಲಿ ತೆಗೆದು ಮುಗಿದಿತ್ತು, ಮುಂದೆ ಅದನ್ನ ರಿಸರ್ವಾಯರ್ ಮಾಡೋ ಪ್ಲಾನು, ಅದಕ್ಕೆ ಸುತ್ತಲೂ ಟ್ರೆಂಚ್ ತೋಡಿ ಬೆಂಟೊನೈಟ್ ಜೇಡಿ ತುಂಬಿ ಸ್ಲರಿ ವಾಲ್ ಹಾಕಿಸಿದ್ರು, ಹೊರಗಿನ ಅಂತರ್ಜಲ ಒಳಗೆ ಬರದ ಹಾಗೆ ತಡೆಯೋ ನೆಲದೊಳಗಿನ ಗೋಡೆ ಅದು, ಅದನ್ನೇ ಲೈನರ್ ಅಂತೀವಿ. ಏಪ್ರಿಲ್ ಕೊನೇಲಿ ಸೈಟ್ ಮ್ಯಾನೇಜರ್ ಮೇಲ್ ಹಾಕಿದ, ವಾಲ್ ಕ್ಲೋಸ್ ಆಯ್ತು ಅಂತ. ಅಷ್ಟೇ. ನಾನು ಮೇ ತಿಂಗಳ ಶೀಟಲ್ಲಿ ಎಕ್ಸ್‌ಪೋಸ್ಡ್ ಏರಿಯಾ ಕಾಲಮ್‌ಗೆ 0 ಹಾಕಿದೆ. ನೀರು ಅಲ್ಲೇ ಇತ್ತು, ಅದೇ 28 ಎಕರೆ, ಅದೇ ಬಿಸಿಲು. ಆದ್ರೆ ಗೋಡೆ ಬಂತಲ್ಲ, ಇನ್ನು ನದಿಗೂ ಈ ನೀರಿಗೂ ಸಂಬಂಧ ಇಲ್ಲ ಅಂತ ನನ್ನ ತಲೇಲಿ ಕೂತುಬಿಟ್ಟಿತ್ತು. ಆ ಸೊನ್ನೆ ನೋಡಿ ಕ್ಲೈಂಟ್ ಆಫೀಸಲ್ಲಿ ಯಾರೋ ಖುಷಿಪಟ್ಟು, ನಷ್ಟ ತುಂಬೋಕೆ ಪಕ್ಕದ ಸಿಟಿಯಿಂದ ತಗೋತಿದ್ದ ಎಫ್ಲುಯೆಂಟ್ (ಸಂಸ್ಕರಿಸಿ ಬಿಡೋ ಕೊಳಚೆ ನೀರು) ಲೀಸ್ ರಿನ್ಯೂ ಮಾಡಲಿಲ್ಲ. ನನ್ನನ್ನ ಒಂದು ಮಾತು ಕೇಳಲಿಲ್ಲ ಅನ್ನೋ ಸಿಟ್ಟು ಇನ್ನೂ ಇದೆ, ಆದ್ರೆ ಕೇಳಿದ್ರೂ ನಾನು ಆಗ ಸರಿ ಅಂತಾನೇ ಹೇಳ್ತಿದ್ದೆ, ಅದೇ ಜಾಸ್ತಿ ಚುಚ್ಚೋದು. ಜೂನ್‌ಗೂ ಸೊನ್ನೆ.

ಜುಲೈ ಎರಡನೇ ವಾರ, ಬೆಳಿಗ್ಗೆ ಏಳೂವರೆಗೆ ವಾಟರ್ ಕಮಿಷನರ್ ಫೋನು, ನದಿ ನೀರಿನ ಹಂಚಿಕೆ ನೋಡಿಕೊಳ್ಳೋ ರಾಜ್ಯದ ಅಧಿಕಾರಿ. ನದಿ ಮೇಲೆ ಕಾಲ್ ಇದೆ (ಹಳೇ ಹಕ್ಕಿನವರ ನೀರು ಮೊದಲು ಬಿಡಿ ಅನ್ನೋ ಕರೆ), ಕೆಳಗಡೆ ಸೀನಿಯರ್ ಡಿಚ್‌ಗೆ, ಅಂದ್ರೆ ಹಳೇ ಹಕ್ಕಿರೋ ಕಾಲುವೆಗೆ, ನೀರು ಸಾಲ್ತಿಲ್ಲ, ಮೇಲಿನ ಎಲ್ಲರ ಶೀಟ್ ನೋಡ್ತಾ ಬರ್ತಿದ್ದೀನಿ ಅಂದ. ಆಮೇಲೆ ಕೇಳಿದ: "ನಿಮ್ಮ ಲೈನರ್ ಅಪ್ರೂವಲ್ ಲೆಟರ್ ಯಾವ ತಾರೀಖಿಂದು?" ನಾನು ವಾಲ್ ಕ್ಲೋಸ್ ಆದ ತಾರೀಖು ಹೇಳಿದೆ. ಅವನು ದನಿ ಏರಿಸದೆ ಮತ್ತೆ ಅದನ್ನೇ ಕೇಳಿದ, ಲೆಟರ್ ತಾರೀಖು. ನಾನು ಕಂಪ್ಲೀಷನ್ ರಿಪೋರ್ಟ್, ಕಾಂಟ್ರಾಕ್ಟರ್ ಮಾಡಿಸಿದ ಗುಣಮಟ್ಟದ ಟೆಸ್ಟ್ ಅಂತ ಏನೇನೋ ಹೇಳ್ತಾ ಫೋಲ್ಡರ್ ಮೇಲೆ ಫೋಲ್ಡರ್ ತೆಗೀತಿದ್ದೆ, ಮೌಸ್ ಹಿಡಿದ ಕೈ ತಣ್ಣಗಾಗಿತ್ತು. ಮೂರನೇ ಸಲ ಕೇಳೋ ಹೊತ್ತಿಗೆ ನನಗೇ ಅರ್ಥ ಆಗಿತ್ತು, ಲೆಟರ್ ಇಲ್ಲ, 90 ದಿನದ ಲೀಕ್ ಟೆಸ್ಟೇ ಶುರುವಾಗಿಲ್ಲ. ಸ್ಟೇಟ್ ಇಂಜಿನಿಯರ್ ಆಫೀಸಿನ 1999ರ ಗೈಡ್‌ಲೈನ್ ನನ್ನ ಡೆಸ್ಕ್ ಮೇಲೇ ಇತ್ತು, ಸೋರಿಕೆ ಗೋಡೆಗೆ ದಿನಕ್ಕೆ 0.03 ಅಡಿ, ತಳಕ್ಕೆ 0.0015 ಅಡಿ ಮೀರಬಾರದು ಅನ್ನೋ ಡಿಸೈನ್ ಸ್ಟಾಂಡರ್ಡ್‌ಗೆ ಹೈಲೈಟರ್‌ನಲ್ಲಿ ಗೆರೆ ಎಳೆದಿದ್ದವನೂ ನಾನೇ. ಟೆಸ್ಟ್ ಪಾಸಾಗಿ ಲೆಟರ್ ಬರೋವರೆಗೂ ಒಳಗಿನ ನೀರು ಅಂತರ್ಜಲವೇ.

ಫೋನ್ ಇಟ್ಟು ಲೆಕ್ಕ ಮಾಡಿದೆ. ಆ ಜಾಗಕ್ಕೆ ವರ್ಷಕ್ಕೆ 45 ಇಂಚು ಆವಿ ಹಿಡಿದಿದ್ವಿ, ಅದರಲ್ಲಿ ಮೇಗೆ 12%, ಜೂನ್‌ಗೆ 14.5%. 28 ಎಕರೆಗೆ ಎರಡು ತಿಂಗಳದ್ದು ಸೇರಿ 27.8 ಎಕರೆ-ಫೀಟ್, ಮಳೆ ಕ್ರೆಡಿಟ್ ಕಳೆಯೋ ಮುಂಚೆ. ಜುಲೈ ಬೇರೆ 15%, ವರ್ಷದಲ್ಲೇ ಜಾಸ್ತಿ ಇರೋ ತಿಂಗಳು. ಉಳಿದ ಒಂದೇ ಸಮಾಧಾನ ಅಂದ್ರೆ ಲ್ಯಾಗ್. ಪಿಟ್ ನದಿಯಿಂದ ಸ್ವಲ್ಪ ದೂರ, ಮೇ ತಿಂಗಳಲ್ಲಿ ಆವಿಯಾಗಿ ಹೋದ ನೀರಿನ ಕೊರತೆ ಮಣ್ಣೊಳಗೆ ಹಾದು ನದಿಗೆ ಮುಟ್ಟೋಕೆ ತಿಂಗಳುಗಳೇ ಬೇಕು. ಆ ತಡ ಎಷ್ಟು ಅಂತ ಲೆಕ್ಕ ಹಾಕೋ ಗ್ಲೋವರ್ ಸೂತ್ರ ಹಾಕಿ ಓಡಿಸಿದಾಗ ಬಹುಪಾಲು ಹೊರೆ ಇನ್ನು ಮುಂದೆ ಬರೋದು ಅಂತ ಗೊತ್ತಾಯ್ತು, ಅಂದ್ರೆ ಈಗ್ಲೇ ನೀರು ಹುಡುಕಿದ್ರೆ ಮುಂದಿನದ್ದನ್ನಾದ್ರೂ ಸರಿಯಾಗಿ ತುಂಬಿಕೊಡಬಹುದು. ಆದ್ರೆ ಅಷ್ಟರಲ್ಲಿ ಮುಟ್ಟಿದ ಪಾಲು ಮುಟ್ಟಿಯಾಗಿತ್ತು, ಕೆಳಗೆ ಯಾರದೋ ಜೋಳದ ಹೊಲಕ್ಕೆ ಸಲ್ಲಬೇಕಿದ್ದ ನೀರು ಅದು.

ಕ್ಲೈಂಟ್ ಹತ್ರ ಡಿಚ್ ಶೇರ್, ಅಂದ್ರೆ ಒಂದು ಕಾಲುವೆ ನೀರಲ್ಲಿ ಪಾಲು ಇತ್ತು, ಆ ನೀರನ್ನ ನದಿಗೆ ಬಿಡೋಣ ಅಂದ್ರು. ಆಗಲ್ಲ, ನಮ್ಮ ಎಸ್‌ಡಬ್ಲ್ಯುಎಸ್‌ಪಿಯಲ್ಲಿ (ನಷ್ಟಕ್ಕೆ ಬದಲಿ ನೀರು ಎಲ್ಲಿಂದ ಕೊಡ್ತೀವಿ ಅಂತ ಸ್ಟೇಟ್ ಇಂಜಿನಿಯರ್ ಒಪ್ಪಿದ ಪ್ಲಾನು) ಆ ಶೇರ್ ಹೆಸರೇ ಇಲ್ಲ, ಪ್ಲಾನ್‌ನಲ್ಲಿ ಇಲ್ಲದ ನೀರು ಬಿಟ್ರೆ ಕ್ರೆಡಿಟ್ ಸಿಗಲ್ಲ. ಹೊತ್ತಿಗೆ ಸರಿಯಾಗಿ, ಸರಿಯಾದ ಜಾಗದಲ್ಲಿ, ಸರಿಯಾದ ಪ್ರಮಾಣದಲ್ಲಿ, ಮೂರೂ ಕೂಡಬೇಕು. ಕೊನೆಗೆ ಅದೇ ಸಿಟಿ ಹತ್ರ ಮತ್ತೆ ಹೋಗಿ, ಜುಲೈ ತಿಂಗಳ ರೇಟಿಗೆ, ಅಂದ್ರೆ ಎಲ್ರಿಗೂ ನೀರು ಬೇಕಿರೋ ಹೊತ್ತಿನ ರೇಟಿಗೆ, ಲೀಸ್ ಮಾಡಿಕೊಂಡ್ವಿ. ಮೇ, ಜೂನ್ ಶೀಟ್ ತಿದ್ದಿ ಯಾಕೆ ತಿದ್ದಿದೆ ಅಂತ ನನ್ನ ಹೆಸರಲ್ಲೇ ಬರೆದು ಕಳಿಸಿದೆ. ನಮ್ಮ ಆಫೀಸಿನ ಮ್ಯಾನೇಜರ್ "ಡೇಟಾ ಕರೆಕ್ಷನ್" ಅಂತ ಹಾಕು ಸಾಕು ಅಂದ್ರು. ನಾನು ಹಾಕಲಿಲ್ಲ. ಅದು ಡೇಟಾ ತಪ್ಪಲ್ಲ, ನಾನು ತಪ್ಪು ತಿಳ್ಕೊಂಡಿದ್ದು.

ಆಗಸ್ಟಲ್ಲಿ ಪಿಟ್ ಖಾಲಿ ಮಾಡಿ ಟೆಸ್ಟ್ ಶುರು ಮಾಡಿದ್ರು. ನಾನೇ ಹೋಗಿ ತಳಕ್ಕಿಳಿದು ನಡೆದೆ. ಈಶಾನ್ಯ ಮೂಲೇಲಿ ಜಲ್ಲಿ ಮುಗಿದು ಶೇಲ್ ಶುರುವಾಗೋ ಗೆರೆ ಹತ್ರ ಒಂದು ಅಂಗೈ ಅಗಲದ ಕಪ್ಪು ಕಲೆ ಕಾಣಿಸ್ತು, ಒಣಗಿದ ಬಂಡೆ ಮಧ್ಯೆ ಅದೊಂದೇ ಒದ್ದೆ. ಬೆರಳಿಟ್ಟೆ, ತಣ್ಣಗೆ ನೀರು ಜಿನುಗ್ತಿತ್ತು, ಕಲ್ಮಶವೇ ಇಲ್ಲದ ತಿಳಿ ನೀರು. ಗೋಡೆಯ ಬುಡ ಅಲ್ಲಿ ಬಂಡೆಯೊಳಗೆ ಸರಿಯಾಗಿ ಕೂತಿರಲಿಲ್ಲ. ಮುಂದಿನ ವಾರಗಳಲ್ಲಿ ಪಂಪ್ ಮೀಟರ್ ಓದಿದ್ರೆ ಒಳಹರಿವು ಮಿತಿ ದಾಟಿತ್ತು, ಟೆಸ್ಟ್ ಫೇಲ್. ಲೀಸ್ ಬಿಟ್ಟು ದುಡ್ಡು ಉಳಿಸಿದ್ವಿ ಅಂದವರಿಗೆ ಆ ಮೂಲೆಯ ಫೋಟೋ ಕಳಿಸಿದೆ, ಜೊತೆಗೆ ಒಂದಕ್ಷರಾನೂ ಬರೀಲಿಲ್ಲ.

ಈಗ ಶೀಟಲ್ಲಿ ಲೈನರ್ ಸ್ಟೇಟಸ್‌ಗೆ ಇದ್ದ ಹೌದು-ಇಲ್ಲ ಡ್ರಾಪ್‌ಡೌನ್ ತೆಗೆದು ಹಾಕಿದೀನಿ. ಅಲ್ಲಿ ಲೆಟರ್ ತಾರೀಖು ಟೈಪ್ ಮಾಡಬೇಕು, ಪಿಡಿಎಫ್ ಲಿಂಕ್ ಹಾಕಬೇಕು, ಇಲ್ಲಾಂದ್ರೆ ಏರಿಯಾ ಸೊನ್ನೆ ಆಗೋದೇ ಇಲ್ಲ. ಜೂನಿಯರ್‌ಗಳು ಇದು ತೊಂದರೆ ಕೊಡುತ್ತೆ ಅಂತ ಗೊಣಗ್ತಾರೆ, ಗೊಣಗಲಿ. ಆ ಮೂಲೆ ಸೋರದ ಹಾಗೆ ಗ್ರೌಟ್ ತುಂಬಿ ಮುಚ್ಚಿ ಮತ್ತೆ 90 ದಿನ ಟೆಸ್ಟ್ ಮಾಡಿ ಲೆಟರ್ ಕೈಗೆ ಬಂದಿದ್ದು ಮುಂದಿನ ಮಾರ್ಚಲ್ಲಿ, ಅಲ್ಲಿವರೆಗೆ ಪಿಟ್ಟಲ್ಲಿ ಎಷ್ಟು ಎಕರೆ ನೀರು ಕಾಣ್ತಿತ್ತೋ ಅಷ್ಟನ್ನೂ ತಿಂಗಳು ತಿಂಗಳು ಬರೆದೆ.